ಹಾರೆ ಅಂದ್ರೆ ಗಡಾರಿನೋ, ಗುದ್ದಲಿನೋ?

ನಾನು ತುಮಕೂರು ಕಡೆಯವನು. ಪುತ್ತೂರಿನ ಹತ್ತಿರ ಅಡಿಕೆ ತೋಟ ವಹಿಸಿಕೊಂಡ ಮೊದಲ ವರ್ಷ, ಕೆಲಸದವರು ಫೋನ್ ಮಾಡಿ "ಊರಿಂದ ಬರುವಾಗ ನಾಲ್ಕು ಹಾರೆ ತನ್ನಿ ಅಣ್ಣಾ" ಅಂದರು. ತಂದೆ, ನಾಲ್ಕು ಗಡಾರಿ! ಅವರು ಕೇಳಿದ್ದು ಬುಡ ಬಿಡಿಸೋಕೆ ಅಗಲ ಬಾಯಿಯ ಗುದ್ದಲಿ. ಆ ಕಡೆ ಅದಕ್ಕೇ ಹಾರೆ ಅಂತಾರೆ. ನಾಲ್ಕು ಜನರ ಅರ್ಧ ದಿನದ ಕೂಲಿ ಹೋಯ್ತು.

ಆಮೇಲೆ ಹೆಸರುಗಳ ಹಿಂದೆ ಬಿದ್ದೆ. ಹಳಗನ್ನಡದ 'ಪಾಲು' ಹಾಲಾಯಿತು, 'ಪಾವು' ಹಾವಾಯಿತು. ಹಾಗೇ 'ಪಾರೆ' ಹಾರೆಯಾಯಿತು. ತಮಿಳಿನಲ್ಲಿ ಇವತ್ತಿಗೂ ಕಡಪ್ಪಾರೈ, ತುಳುವಿನಲ್ಲಿ ಪಾರೆಂಗಿ. ಎರಡೂ ನಮ್ಮ ಗಡಾರಿಯೇ. ಅಂದರೆ ನಿಘಂಟು ನನ್ನ ಪರವಾಗಿತ್ತು, ತೋಟ ಮಾತ್ರ ಇರಲಿಲ್ಲ.

ಬಯಲುಸೀಮೆ ಅಂಗಡಿಗಳಲ್ಲಿ 'ಮಮ್ಮಟಿ' ಅಂತ ಕೇಳಿರ್ತೀರಿ. ಅದು ತಮಿಳಿನ 'ಮಣ್‌ವೆಟ್ಟಿ': ಮಣ್ಣು ಕಡಿಯುವಂಥದ್ದು. ಇದೇ ಪದ ಇಂಗ್ಲಿಷರ ಬಾಯಲ್ಲಿ 'ಮಮೋಟಿ' ಆಗಿ ಅವರ ನಿಘಂಟಿಗೂ ಹೋಯಿತು.

ನನಗೆ ಬಹಳ ಇಷ್ಟವಾದದ್ದು ಪಿಕಾಸಿ ಕಥೆ. ಇದು ಇಂಗ್ಲಿಷಿನ 'ಪಿಕ್‌ಆಕ್ಸ್'ನಿಂದ ಬಂದ ಪದ. ಆಕ್ಸ್ ಅಂದರೆ ಕೊಡಲಿ. ಆದರೆ ಪಿಕಾಸಿಗೂ ಕೊಡಲಿಗೂ ಏನು ಸಂಬಂಧ? ಏನೂ ಇಲ್ಲ. ಹಳೆಯ ಫ್ರೆಂಚ್‌ನಲ್ಲಿ ಇದರ ಹೆಸರು 'ಪಿಕೋಯಿಸ್'. ಅದರ ಬಾಲ ಇಂಗ್ಲಿಷರಿಗೆ ಅರ್ಥವಾಗದೆ, ಗೊತ್ತಿದ್ದ 'ಆಕ್ಸ್' ಸೇರಿಸಿಕೊಂಡರು. ನಾವು ಅದನ್ನು ಮತ್ತೆ ನಮ್ಮ ನಾಲಿಗೆಗೆ ತಿದ್ದಿಕೊಂಡು ಪಿಕಾಸಿ ಅಂದೆವು. ಸದ್ದಿನಲ್ಲಿ ಹಳೇ ಹೆಸರಿಗೆ ಇಂಗ್ಲಿಷರಿಗಿಂತ ನಾವೇ ಹತ್ತಿರ!

ಕುಡುಗೋಲು ಮಾತ್ರ ಅಪ್ಪಟ ನಮ್ಮದು. 'ಕುಡು' ಅಂದರೆ ಬಾಗಿದ, ಅದಕ್ಕೆ ಕೋಲು ಸೇರಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿಯಿಂದ 'ಕ' ಹೋಗಿ 'ಗ' ಬಂತು. ಹಳೇ ಮೈಸೂರು ಕಡೆ ಬಾಯಲ್ಲಿ ಸವೆದು ಕುಡ್ಲು ಆಗಿದೆ.

ಈಗ ನಾನು ಸಾಮಾನು ತರಿಸುವಾಗ ಹೆಸರಿನ ಜೊತೆ ವಾಟ್ಸಾಪ್‌ನಲ್ಲಿ ಫೋಟೋನೂ ಹಾಕ್ತೀನಿ. ಬಾಯಿ ಎಷ್ಟು ಇಂಚು, ಕಾವು ತೂರಿಸುವ ತೂತು ದುಂಡಗಿದೆಯೋ ಚೌಕವೋ, ಎರಡನ್ನೂ ಬರೀತೀನಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಟೇಪು ಇಟ್ಟರೆ ಇನ್ನೂ ಒಳ್ಳೇದು. ಆ ನಾಲ್ಕು ಗಡಾರಿಗಳಲ್ಲಿ ಎರಡು ಬೇಲಿ ಕಂಬದ ಗುಂಡಿ ತೆಗೆಯೋಕೆ ಉಪಯೋಗಕ್ಕೆ ಬಂದವು. ಉಳಿದೆರಡು ಶೆಡ್‌ನಲ್ಲೇ ಒರಗಿವೆ.