ಆಫ್‌ರೋಡ್ ವಾಹನಗಳ ಅಂತರರಾಜ್ಯ ಮಾಲೀಕತ್ವ ವರ್ಗಾವಣೆ

ಆಫ್‌ರೋಡ್ ವಾಹನಗಳ ಅಂತರರಾಜ್ಯ ಮಾಲೀಕತ್ವ ವರ್ಗಾವಣೆ ಎಂದರೆ ಹೊಲ, ಗಣಿ, ಕಾಮಗಾರಿ ಸ್ಥಳ ಮುಂತಾದ ಕಡೆ, ಮುಖ್ಯವಾಗಿ ರಸ್ತೆಯ ಹೊರಗೆ ದುಡಿಯುವ ವಾಹನವೊಂದು ಭಾರತದ ಒಂದು ರಾಜ್ಯದ ಮಾಲೀಕನಿಂದ ಮತ್ತೊಂದು ರಾಜ್ಯದ ಮಾಲೀಕನಿಗೆ ಕಾನೂನುಬದ್ಧವಾಗಿ ಸೇರುವ ಕ್ರಮ. ಟ್ರ್ಯಾಕ್ಟರ್, ಜನರು ಜೆಸಿಬಿ ಎಂದೇ ಕರೆಯುವ ಮಣ್ಣು ತೋಡುವ ಯಂತ್ರ, ರೋಡ್ ರೋಲರ್, ಗಣಿಯ ಡಂಪರ್, ಗುಡ್ಡಗಾಡಿನಲ್ಲಿ ಓಡಿಸುವ ಎಟಿವಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೆಲವಕ್ಕೆ ನೋಂದಣಿ ಕಡ್ಡಾಯ, ಕೆಲವಕ್ಕೆ ಇಲ್ಲ. ವರ್ಗಾವಣೆಯ ಕ್ರಮವು ಈ ಭೇದವನ್ನೇ ಅವಲಂಬಿಸಿದೆ.

ನೋಂದಣಿಗೆ ಒಳಪಡುವವು ಮತ್ತು ಒಳಪಡದವು

1988ರ ಮೋಟಾರು ವಾಹನಗಳ ಕಾಯ್ದೆಯ ಕಲಂ 2(28)ರ ಪ್ರಕಾರ ರಸ್ತೆಯ ಬಳಕೆಗೆ ಹೊಂದುವಂತೆ ರೂಪಿಸಿದ ಯಾಂತ್ರಿಕ ವಾಹನವೇ ಮೋಟಾರು ವಾಹನ. ಕಾರ್ಖಾನೆಯಲ್ಲಿ ಅಥವಾ ಆವೃತವಾದ ಬೇರೆ ಆವರಣದಲ್ಲಿ ಮಾತ್ರ ಬಳಸುವಂತೆ ರೂಪಿಸಿದ ವಿಶೇಷ ಬಗೆಯ ವಾಹನವನ್ನು ಇದೇ ಕಲಂ ಹೊರಗಿಡುತ್ತದೆ.

ಕೃಷಿ ಟ್ರ್ಯಾಕ್ಟರಿಗೆ ನೋಂದಣಿ ಬೇಕು. ರಬ್ಬರ್ ಟೈರಿನ ಜೆಸಿಬಿಯಂತಹ ಯಂತ್ರಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು 'ನಿರ್ಮಾಣ ಸಲಕರಣೆ ವಾಹನ' ಎಂದು ಹೆಸರಿಸಿವೆ. ರಸ್ತೆಯ ಹೊರಗಿನ ಕೆಲಸವೇ ಇವುಗಳ ಮುಖ್ಯ ಉದ್ದೇಶ. ರಸ್ತೆಯ ಮೇಲಿನ ಓಡಾಟ ಪ್ರಾಸಂಗಿಕವಾದದ್ದು, ಅಲ್ಪಕಾಲದ್ದು, ಗಂಟೆಗೆ 50 ಕಿಲೋಮೀಟರ್ ಮೀರದ ವೇಗದ್ದು. ಆದರೂ ರಸ್ತೆಗೆ ಇಳಿಯುವುದರಿಂದ ಇವುಗಳಿಗೂ ನೋಂದಣಿ ಬೇಕು. ಕಬ್ಬಿಣದ ಸರಪಳಿಯ ಮೇಲೆ ಚಲಿಸುವ, ಹಳ್ಳಿಗಳಲ್ಲಿ 'ಹಿಟಾಚಿ' ಎನಿಸಿಕೊಂಡಿರುವ ಯಂತ್ರವನ್ನಾದರೋ ಲಾರಿಯ ಮೇಲೇರಿಸಿಯೇ ಸಾಗಿಸಬೇಕು. ರಸ್ತೆಯಲ್ಲಿ ತಾನಾಗಿ ಸಂಚರಿಸಲಾರದ ಇಂತಹ ಯಂತ್ರಗಳು ಮೇಲಿನ ವ್ಯಾಖ್ಯೆಗೆ ಬರುವುದಿಲ್ಲ.

ನೋಂದಣಿ ಮತ್ತು ತೆರಿಗೆ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಬೊಲಾನಿ ಓರ್ಸ್ ಮತ್ತು ಒಡಿಶಾ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ, ಮಾಲೀಕರ ಗಣಿ ಆವರಣದೊಳಗೆ ಮಾತ್ರ ದುಡಿಯುವ ಡಂಪರುಗಳು ನೋಂದಣಿಗೆ ಅರ್ಹವಾದರೂ ತೆರಿಗೆಗೆ ಒಳಪಡುವುದಿಲ್ಲವೆಂದು ತೀರ್ಪು ನೀಡಿತು.

ಒಡೆತನ ಮತ್ತು ದಾಖಲೆ

ಭಾರತದಲ್ಲಿ ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿ, ಮಾರಾಟದ ಪತ್ರವಲ್ಲ. 1930ರ ಸರಕು ಮಾರಾಟ ಕಾಯ್ದೆಯಂತೆ ಚರವಸ್ತುವಿನ ಒಡೆತನವು ಮಾರುವವನೂ ಕೊಳ್ಳುವವನೂ ಉದ್ದೇಶಿಸಿದ ಕ್ಷಣದಲ್ಲೇ ವರ್ಗವಾಗುತ್ತದೆ. ಹಣ ಕೊಟ್ಟು, ಛಾಪಾ ಕಾಗದದ ಮೇಲೆ ಬರೆಸಿಕೊಂಡು, ಟ್ರ್ಯಾಕ್ಟರನ್ನು ಮನೆಗೆ ತಂದವನು ಆ ಅರ್ಥದಲ್ಲಿ ಮಾಲೀಕನೇ ಸರಿ. ಆದರೆ ಅಪಘಾತ ಸಂಭವಿಸಿದಾಗ ಕಾನೂನು ನೋಡುವುದು ಬೇರೆ ಪುಸ್ತಕವನ್ನು.

ಕಾಯ್ದೆಯ ಕಲಂ 2(30)ರಂತೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಆತನೇ ಸಾಮಾನ್ಯವಾಗಿ 'ಮಾಲೀಕ'. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ವಾಹನವು ಒಬ್ಬರಿಂದ ಒಬ್ಬರಿಗೆ ಹಲವು ಬಾರಿ ಕೈಬದಲಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾರಾಟಗಾರನ ಹೆಸರೇ ಉಳಿದಿತ್ತು. 2009ರಲ್ಲಿ ನಡೆದ ಅಪಘಾತದ ಪರಿಹಾರಕ್ಕೆ ಆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಮಾನಿಸಿತು. ನೊಂದವರು ವಾಹನ ಎಷ್ಟು ಕೈ ದಾಟಿದೆ ಎಂದು ಹುಡುಕುತ್ತ ಅಲೆಯಬೇಕಾಗಬಾರದು ಎಂಬುದು ಇದರ ಹಿಂದಿನ ತರ್ಕ. 'ಹೆಸರು ಆಮೇಲೆ ಬದಲಾಯಿಸಿಕೊಳ್ಳಿ' ಎಂದು ಖಾಲಿ ನಮೂನೆಗಳಿಗೆ ಸಹಿ ಹಾಕಿಕೊಟ್ಟು ನಿಶ್ಚಿಂತನಾಗುವ ಮಾರಾಟಗಾರ ಈ ತೀರ್ಪನ್ನು ತಿಳಿದಿರಬೇಕು. ಹೊಲದಲ್ಲೇ ಇರುವ ಟ್ರ್ಯಾಕ್ಟರನ್ನು ತಡೆದು ಕಾಗದ ಕೇಳುವವರು ವಿರಳ. ಹಾಗಾಗಿ ಈ ಬಗೆಯ ವಾಹನಗಳಲ್ಲಿ ಉದಾಸೀನ ವರ್ಷಗಟ್ಟಲೆ ಸಾಗುವುದುಂಟು.

ವರ್ಗಾವಣೆಯ ಕ್ರಮ

ಚಿಕ್ಕೋಡಿಯ ರೈತನೊಬ್ಬ ಕೊಲ್ಹಾಪುರದಲ್ಲಿ ನೋಂದಣಿಯಾದ ಹಳೆಯ ಟ್ರ್ಯಾಕ್ಟರನ್ನು ಕೊಂಡನೆಂದು ಭಾವಿಸೋಣ. ಮೊದಲ ಹೆಜ್ಜೆ ಮಾರುವವನದು. ಆತ ನಮೂನೆ 28ರಲ್ಲಿ ತನ್ನ ಪ್ರಾದೇಶಿಕ ಸಾರಿಗೆ ಕಚೇರಿಗೆ ನಿರಾಕ್ಷೇಪಣಾ ಪತ್ರಕ್ಕಾಗಿ ಅರ್ಜಿ ಸಲ್ಲಿಸಬೇಕು. ಜನ ಇದನ್ನು ಎನ್‌ಒಸಿ ಎನ್ನುತ್ತಾರೆ. ವಾಹನ ಕಳವಾದ ಪ್ರಕರಣ ಯಾವುದೂ ಇಲ್ಲವೆಂಬ ಪೊಲೀಸ್ ವರದಿಯನ್ನೂ ತೆರಿಗೆ ಬಾಕಿಯಿಲ್ಲವೆಂಬುದನ್ನೂ ನೋಡಿ ಕಚೇರಿ ಪತ್ರ ನೀಡುತ್ತದೆ. ಮೂವತ್ತು ದಿನಗಳೊಳಗೆ ನಿರಾಕರಣೆಯನ್ನು ತಿಳಿಸದಿದ್ದರೆ ಪತ್ರ ನೀಡಿದಂತೆಯೇ ಎಂದು ಕಲಂ 48 ಹೇಳುತ್ತದೆ. ಸಾಲದ ಮೇಲೆ ಕೊಂಡ ವಾಹನವಾದರೆ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಬೇಕು. ಸಾಲ ತೀರಿದ್ದರೆ ನಮೂನೆ 35ರ ಮೂಲಕ ಆ ನಮೂದನ್ನು ತೆಗೆಸಬೇಕು.

ಮುಂದಿನದು ಕಲಂ 50. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ ವರದಿ ಮಾಡಬೇಕು. ಹೊರರಾಜ್ಯದ್ದಾದರೆ 45 ದಿನಗಳೊಳಗೆ ನಿರಾಕ್ಷೇಪಣಾ ಪತ್ರವನ್ನು ನೋಂದಣಿ ಪ್ರಾಧಿಕಾರಕ್ಕೆ ಕಳುಹಿಸಬೇಕು. ಕೊಂಡವನು 30 ದಿನಗಳೊಳಗೆ ತನ್ನ ಊರಿನ ವ್ಯಾಪ್ತಿಯ ಕಚೇರಿಗೆ ವರದಿ ಮಾಡಬೇಕು. ಮಾರಾಟದ ಸೂಚನೆ ನಮೂನೆ 29ರಲ್ಲಿ, ವರ್ಗಾವಣೆಯ ಅರ್ಜಿ ನಮೂನೆ 30ರಲ್ಲಿ, ಹೊಸ ರಾಜ್ಯದ ನೋಂದಣಿ ಸಂಖ್ಯೆಗೆ ಅರ್ಜಿ ನಮೂನೆ 27ರಲ್ಲಿ.

ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚನ್ನು ಕಚೇರಿಗಳು ಕೇಳುತ್ತವೆ. ಮಣ್ಣಿನಲ್ಲಿ ದುಡಿದ ಯಂತ್ರಗಳಲ್ಲಿ ಈ ಸಂಖ್ಯೆ ತುಕ್ಕು ಹಿಡಿದಿರಬಹುದು. ಅದು ಆರ್‌ಸಿಯೊಂದಿಗೆ ತಾಳೆಯಾಗುತ್ತದೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಬಹಳ ಮಂದಿ ಮರೆಯುವುದು ಟ್ರೈಲರನ್ನು. ಕಾಯ್ದೆಯ ದೃಷ್ಟಿಯಲ್ಲಿ ಟ್ರೈಲರ್ ಕೂಡ ಮೋಟಾರು ವಾಹನ; ಕಲಂ 61ರಂತೆ ಅದಕ್ಕೆ ಪ್ರತ್ಯೇಕ ನೋಂದಣಿಯಿದೆ. ಟ್ರ್ಯಾಕ್ಟರಿನ ಕಾಗದ ಮಾತ್ರ ಬದಲಾಯಿಸಿದರೆ ಕಬ್ಬು ಹೇರುವ ಟ್ರೈಲರ್ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿಯುತ್ತದೆ.

ಮಾರಾಟವೇ ಇಲ್ಲದೆಯೂ ಈ ಪ್ರಶ್ನೆ ಏಳಬಹುದು. ಗುತ್ತಿಗೆದಾರನು ತನ್ನ ಯಂತ್ರವನ್ನು ಬೇರೆ ರಾಜ್ಯದ ಕಾಮಗಾರಿಗೆ ಒಯ್ದು 12 ತಿಂಗಳಿಗೂ ಹೆಚ್ಚು ಕಾಲ ಅಲ್ಲಿಯೇ ಇರಿಸಿದರೆ, ಕಲಂ 47ರಂತೆ ಆ ರಾಜ್ಯದ ಹೊಸ ಸಂಖ್ಯೆ ಪಡೆಯಬೇಕು.

ತೆರಿಗೆ ಮತ್ತು ವಿಮೆ

ನೋಂದಣಿಯ ನಿಯಮಗಳು ದೇಶಕ್ಕೆಲ್ಲ ಒಂದೇ ಆದರೂ ವಾಹನ ತೆರಿಗೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದ ಒಂದು ರಾಜ್ಯದಲ್ಲಿ ಕಟ್ಟಿದ ತೆರಿಗೆ ಮತ್ತೊಂದರಲ್ಲಿ ಸಲ್ಲುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ. ವಾಹನದ ಬಗೆ ಮತ್ತು ವಯಸ್ಸಿಗನುಸಾರ ಇಲ್ಲಿ ಬರಬಹುದಾದ ತೆರಿಗೆಯನ್ನು ವಿಚಾರಿಸಿಕೊಂಡೇ ಬೆಲೆ ಕುದುರಿಸಬೇಕು. ವಾಹನ ಕೈಬದಲಾದೊಡನೆ ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆಯೂ ಹೊಸ ಮಾಲೀಕನಿಗೆ ವರ್ಗವಾಯಿತೆಂದು ಕಲಂ 157 ಭಾವಿಸುತ್ತದೆ. ಆದರೂ ಆತ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು.

ನೋಂದಣಿಯಿಲ್ಲದ ಯಂತ್ರಗಳು

ಸರಪಳಿ ಯಂತ್ರ ಹಾಗೂ ರಸ್ತೆಗೆ ಅನುಮೋದನೆಯಿಲ್ಲದ ಎಟಿವಿಗಳಿಗೆ ಆರ್‌ಸಿ ಇಲ್ಲ. ಆರ್‌ಸಿ ಇಲ್ಲವೆಂದ ಮೇಲೆ ನಿರಾಕ್ಷೇಪಣಾ ಪತ್ರದ ಪ್ರಶ್ನೆಯೂ ಇಲ್ಲ. ಇದು ಸುಲಭವೆಂದು ತೋರಿದರೂ ಕೊಳ್ಳುವವನಿಗೆ ಅಪಾಯ ಇಲ್ಲಿಯೇ ಹೆಚ್ಚು. ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಡೆತನ ದಕ್ಕುವುದಿಲ್ಲ ಎಂದು ಸರಕು ಮಾರಾಟ ಕಾಯ್ದೆಯ ಕಲಂ 27 ಹೇಳುತ್ತದೆ. ಅದನ್ನು ಪರಿಶೀಲಿಸಿ ಹೇಳುವ ಸಾರಿಗೆ ಕಚೇರಿ ಇಲ್ಲಿಲ್ಲ. ತಯಾರಕರ ಮೊದಲ ಬಿಲ್ಲು, ಅಲ್ಲಿಂದ ಈವರೆಗಿನ ಪ್ರತಿಯೊಂದು ಮಾರಾಟದ ಪತ್ರ, ಸಾಲ ತೀರಿದ ಪತ್ರ, ಯಂತ್ರದ ಕ್ರಮಸಂಖ್ಯೆ ಇವೇ ಆಧಾರ. ಜಿಎಸ್‌ಟಿ ನೋಂದಣಿಯುಳ್ಳ ವ್ಯಾಪಾರಿಯು 50,000 ರೂಪಾಯಿಗೂ ಮೀರಿದ ಯಂತ್ರವನ್ನು ಗಡಿ ದಾಟಿಸುವಾಗ ಇ-ವೇ ಬಿಲ್ ಇರಬೇಕು.

ಮರಣ ಮತ್ತು ಹರಾಜು

ನೋಂದಾಯಿತ ಮಾಲೀಕ ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ಕಚೇರಿಗೆ ತಿಳಿಸಿ, ನಮೂನೆ 31ರಲ್ಲಿ ತಮ್ಮ ಹೆಸರಿಗೆ ವರ್ಗಾವಣೆ ಕೋರಬೇಕು. ಸಾರ್ವಜನಿಕ ಹರಾಜಿನಲ್ಲಿ ಕೊಂಡವರಿಗೆ ನಮೂನೆ 32 ಅನ್ವಯಿಸುತ್ತದೆ.