ಕೌಂಟ್ ಇಂಜೆಕ್ಷನ್ ಮತ್ತು ಮಹಾಧಮನಿ

‘ಕೀಮೋ ಆದ ಮಾರನೇ ದಿನ ನಮ್ಮ ಅಕ್ಕನಿಗೆ ಕೌಂಟ್ ಏರಿಸುವ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ದೊಡ್ಡ ರಕ್ತನಾಳವೇ ಊದಿಕೊಳ್ಳುತ್ತದಂತೆ, ಹೌದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಹೌದು. ಆದರೆ ವಾಟ್ಸ್ಆ್ಯಪ್ ಹೆದರಿಸುವಷ್ಟು ಸಲೀಸಾಗಿ ಆಗುವಂಥದ್ದಲ್ಲ.

ಈ ಮದ್ದಿನ ಹುಟ್ಟು ಇರುವುದು ಚೈನಾಗ್ರಾಸ್‌ನಲ್ಲಿ. ಪುಡಿಂಗ್ ಗಟ್ಟಿಯಾಗಲೆಂದು ಹಾಕುತ್ತೇವಲ್ಲ, ಅದೇ. ಪ್ರಯೋಗಾಲಯದಲ್ಲಿ ಅದಕ್ಕೆ ಅಗರ್ ಎನ್ನುತ್ತಾರೆ. 1960ರ ದಶಕದಲ್ಲಿ ಮೆಲ್ಬರ್ನ್‌ನ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್ ಇಲಿಯ ಮೂಳೆಮಜ್ಜೆಯ ಕೋಶಗಳನ್ನು ಅದರಲ್ಲಿ ಹುದುಗಿಸಿಟ್ಟರು. ಆ ಹದದಲ್ಲಿ ಸಿಕ್ಕಿಕೊಂಡ ಕೋಶ ಅಲೆಯಲಾರದು. ಅದರ ಸಂತಾನವೆಲ್ಲ ಅಲ್ಲೇ ಗುಂಪುಗೂಡಬೇಕು. ಕೂತು ಎಣಿಸಿಬಿಡಬಹುದು! ಆದರೆ ಮಜ್ಜೆಯ ಕೋಶಗಳು ತಾವಾಗಿಯೇ ಗುಂಪು ಕಟ್ಟುತ್ತಿರಲಿಲ್ಲ. ಬೇರೆ ಕೋಶಗಳಿಂದ ಒಸರುವ ಏನೋ ಒಂದು ಬೇಕಿತ್ತು. ಆ ‘ಏನೋ’ ಒಂದಲ್ಲ, ಹಲವು ಎಂದು ಗೊತ್ತಾಗಿ, ಒಂದೊಂದನ್ನೂ ಶುದ್ಧವಾಗಿ ಬೇರ್ಪಡಿಸುವಷ್ಟರಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ಅವುಗಳಲ್ಲೊಂದು ಜಿ-ಸಿಎಸ್‌ಎಫ್. 1991ರಲ್ಲಿ ಅದು ಫಿಲ್‌ಗ್ರಾಸ್ಟಿಮ್ ಎಂಬ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 2002ರಲ್ಲಿ ಬಂದ ಪೆಗ್‌ಫಿಲ್‌ಗ್ರಾಸ್ಟಿಮ್ ದೇಹದಲ್ಲಿ ಹೆಚ್ಚು ದಿನ ಉಳಿಯುವುದರಿಂದ ಕೀಮೋದ ಒಂದು ಸುತ್ತಿಗೆ ಒಂದೇ ಚುಚ್ಚುಮದ್ದು ಸಾಕು.

ಕೀಮೋ ಮಜ್ಜೆಯನ್ನು ಬಡಿದು ಕೂರಿಸಿದಾಗ ಈ ಮದ್ದು ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳನ್ನು ಬೇಗ ಬೇಗ ಹೊರಡಿಸುತ್ತದೆ; ಕೌಂಟ್ ಎಂದರೆ ಇವುಗಳ ಎಣಿಕೆಯೇ. ಸೋಂಕಿನ ಜ್ವರದಿಂದ ಪ್ರಾಣ ಹೋಗುವ ಅಪಾಯ ಅಷ್ಟರಮಟ್ಟಿಗೆ ತಗ್ಗುತ್ತದೆ. ಬಲು ಅಪರೂಪಕ್ಕೆ ಮಾತ್ರ ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆ ಉರಿಯೂತದಿಂದ ದಪ್ಪಗಾಗುತ್ತದೆ. ಇದಕ್ಕೆ ಅಯೋರ್ಟೈಟಿಸ್ ಎಂದು ಹೆಸರು. 2018ರಲ್ಲಿ ಜಪಾನ್, ಯುರೋಪ್, ಅಮೆರಿಕ ಮೂರೂ ಕಡೆ ಔಷಧದ ಮಾಹಿತಿಪತ್ರಕ್ಕೆ ಇದರ ಎಚ್ಚರಿಕೆ ಸೇರಿತು.

ನನಗೆ ಕುತೂಹಲ ಹುಟ್ಟಿಸುವುದು ಇದರ ವೇಷ. ಜ್ವರ, ಸುಸ್ತು, ಹೊಟ್ಟೆನೋವು, ಬೆನ್ನುನೋವು. ರಕ್ತಪರೀಕ್ಷೆಯಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಏರಿರುತ್ತದೆ, ಬಿಳಿ ಕಣಗಳೂ ಏರಿರುತ್ತವೆ. ಯಾವ ಸೋಂಕನ್ನು ತಡೆಯಲೆಂದು ಇಂಜೆಕ್ಷನ್ ಕೊಟ್ಟರೋ ಅದೇ ಬಂದಂತೆ ಕಾಣುತ್ತದೆ! ಬಿಳಿ ಕಣ ಏರಿದ್ದು ಮದ್ದಿನಿಂದಲೇ ಇರಬಹುದಾದ್ದರಿಂದ ಆ ಅಂಕಿಯನ್ನು ನಂಬುವಂತಿಲ್ಲ. ಆ್ಯಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯದೆ, ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇದ್ದಾಗ ಸಿಟಿ ಸ್ಕ್ಯಾನ್ ಗುಟ್ಟು ಬಿಡಿಸುತ್ತದೆ. ಮದ್ದು ನಿಲ್ಲಿಸಿ, ಬೇಕಾದರೆ ಸ್ಟೀರಾಯ್ಡ್ ಕೊಟ್ಟಾಗ ಬಹುತೇಕರಲ್ಲಿ ಊತ ಇಳಿದಿದೆ.

ನಿಮ್ಮ ಅಕ್ಕನಿಗೆ ಇಂಜೆಕ್ಷನ್ ಆದಮೇಲೆ ಮೂಳೆ ನೋಯುತ್ತಿದ್ದರೆ ಅದು ಬೇರೆ. ಮಜ್ಜೆ ಭರದಿಂದ ಕೆಲಸಕ್ಕಿಳಿದಾಗ ಹಾಗಾಗುವುದು ಮಾಮೂಲು. ಜ್ವರ ಬಂದರೆ ಮಾತ್ರ ಕಾರಣ ಯಾವುದೆಂದು ಮನೆಯಲ್ಲಿ ತರ್ಕಿಸುತ್ತ ಕೂರದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ.