ಮುಚ್ಚುವ ಮೊದಲು ಅಳೆಯಬೇಕು: ಹಳೆಯ ಜೀಪಿನ ಎಂಜಿನ್ನೂ ಮೇಸ್ತ್ರಿಯ ಕಾಯಕವೂ

ಹಿರಿಯರಿಂದ ಬಂದ ವಸ್ತುಗಳನ್ನು ಜತನವಾಗಿ ಕಾಪಾಡಿಕೊಂಡು ಬರುವುದು ನಮ್ಮ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ತಾಮ್ರದ ಹಂಡೆ, ತೇಗದ ಪೆಟ್ಟಿಗೆ, ತಾಳೆಗರಿಯ ಕಟ್ಟು, ಇವುಗಳನ್ನು ಇಂದಿಗೂ ಇರಿಸಿಕೊಂಡಿರುವ ಮನೆಗಳು ತುಮಕೂರು ಸೀಮೆಯಲ್ಲಿ ಅನೇಕವಿವೆ. ಆದರೆ ತಾತನವರು ಓಡಿಸುತ್ತಿದ್ದ ಮೋಟಾರು ವಾಹನವೊಂದು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದರೆ, ಅದೂ ಅಂಥ ಆಸ್ತಿಯೇ ಎಂದು ಬಗೆಯುವವರು ವಿರಳ.

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೆಂಗು ಅಡಕೆಗಳ ತೋಟವುಳ್ಳ ಶರಣರೊಬ್ಬರ ಮನೆಗೆ ಈಚೆಗೆ ನಾವು ಹೋಗಿದ್ದೆವು. ಅವರ ತಂದೆಯವರು ಸೈನ್ಯದ ಹರಾಜಿನಿಂದ ಬಂದ ವಿಲ್ಲಿಸ್ ಜೀಪೊಂದನ್ನು 1950ರ ದಶಕದಲ್ಲಿ ಕೊಂಡಿದ್ದರು. ಗುಬ್ಬಿಯ ಚನ್ನಬಸವೇಶ್ವರರ ಜಾತ್ರೆಗೂ ಸಿದ್ಧಗಂಗೆಯ ಮಠಕ್ಕೂ ಆ ಮನೆಯವರೆಲ್ಲ ಅದರಲ್ಲಿಯೇ ಹೋಗಿಬಂದವರು. ಇಪ್ಪತ್ತು ವರ್ಷಗಳಿಂದ ಅದು ಅಲುಗಾಡದೆ ನಿಂತಿತ್ತು. ಡೀಸೆಲ್ ಎಂಜಿನ್ನೊಂದನ್ನು ಕೂರಿಸಿಬಿಡಿರೆಂದು ಕೆಲವರು, ಗುಜರಿಗೆ ಕೊಟ್ಟುಬಿಡಿರೆಂದು ಇನ್ನು ಕೆಲವರು ಸಲಹೆಯಿತ್ತರು. ಮೊಮ್ಮಗನಾದ ತರುಣನು ಮಾತ್ರ ಮೂಲ ಎಂಜಿನ್ನನ್ನೇ ಬಿಚ್ಚಿ ಹೊಸದಾಗಿ ಕಟ್ಟಿಸುವೆನೆಂದು ಹಠ ಹಿಡಿದನು.

ಈ ಹಠಕ್ಕೆ ಭಾವನೆಯಷ್ಟೇ ಅಲ್ಲ, ಕಾನೂನಿನ ಬಲವೂ ಇದೆ. ನೋಂದಣಿಯಾಗಿ 50 ವರ್ಷ ಮೀರಿದ ವಾಹನಗಳನ್ನು ಪ್ರಾಚೀನ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅಂಥ ವಾಹನದ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎಂಬುದು ಅದರ ಮುಖ್ಯ ಷರತ್ತು. ಮೂಲ ಎಂಜಿನ್ನು ಹೋಯಿತೆಂದರೆ ಆ ಮಾನ್ಯತೆಯೂ ಹೋದಂತೆಯೇ. ಆದಕಾರಣ ಇಂಥ ಎಂಜಿನ್ನನ್ನು ಕಟ್ಟುವಾಗ ಒಡೆಯದಂತೆ ಕಟ್ಟುವುದು ಬಹು ಮುಖ್ಯ.

ಎಂಜಿನ್ನಿನ ಸ್ವರೂಪ

ವಿಲ್ಲಿಸ್ ಜೀಪಿನದು ನಾಲ್ಕು ಸಿಲಿಂಡರುಗಳ, ಸುಮಾರು 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ನು. ಇದು ಸೈಡ್ ವಾಲ್ವ್ ಅಥವಾ ಫ್ಲಾಟ್ ಹೆಡ್ ಎಂಬ ಜಾತಿಗೆ ಸೇರಿದ್ದು. ಫೋರ್ಡ್ ವಿ-8, ಡಾಡ್ಜ್ ಮತ್ತು ಫಾರ್ಗೊ ಲಾರಿಗಳು, ನಮ್ಮ ದೇಶದಲ್ಲಿಯೇ ತಯಾರಾದ ಲ್ಯಾಂಡ್‌ಮಾಸ್ಟರ್ ಕಾರು, ಇವೆಲ್ಲವೂ ಒಂದು ಕಾಲದಲ್ಲಿ ಇದೇ ಜಾತಿಯ ಎಂಜಿನ್ನುಗಳಿಂದ ಓಡಿದವು. ಮನೆಮಾತಾದ ಅಂಬಾಸಿಡರ್ ಕೂಡ ಆರಂಭದಲ್ಲಿ ಸೈಡ್ ವಾಲ್ವ್ ಎಂಜಿನ್ನನ್ನೇ ಹೊತ್ತು ಬಂದು, 1959ರಲ್ಲಿ ಮೇಲುವಾಲ್ವಿನ ಎಂಜಿನ್ನಿಗೆ ಬದಲಾಯಿತು.

ಇಂದಿನ ಎಂಜಿನ್ನುಗಳಲ್ಲಿ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿದ್ದು ಕೆಳಮುಖವಾಗಿ ತೆರೆಯುತ್ತವೆ. ಹಳೆಯ ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಅವು ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನಲ್ಲಿಯೇ ಕುಳಿತಿದ್ದು ಮೇಲ್ಮುಖವಾಗಿ ಏಳುತ್ತವೆ. ಹೆಡ್ಡೆಂಬುದು ಒಳಗೆ ಗುಳಿಗಳುಳ್ಳ ಎರಕದ ಮುಚ್ಚಳ ಮಾತ್ರ. ಆದುದರಿಂದ ವಾಲ್ವು ಪಿಸ್ಟನ್ನಿಗೆ ತಾಗೀತೆಂಬ ಭಯ ಇಲ್ಲಿಲ್ಲ. ವಾಲ್ವು ಮತ್ತು ಪಿಸ್ಟನ್ ಎರಡೂ ಆ ಮುಚ್ಚಳದ ಒಳಮೈಗೆ ತಾಗಬಹುದೆಂಬುದೇ ಇಲ್ಲಿಯ ಭಯ.

ಎಂಜಿನ್ನು ಹೊಸದಾಗಿದ್ದಾಗ ತಯಾರಕರು ಸಾಕಷ್ಟು ಅಂತರವನ್ನು ಬಿಟ್ಟೇ ಇರುತ್ತಾರೆ. ಆದರೆ ಎಪ್ಪತ್ತು ವರ್ಷಗಳ ಆಯುಸ್ಸಿನಲ್ಲಿ ಬಿಸಿಯಿಂದ ಸೊಟ್ಟಗಾದ ಹೆಡ್ಡನ್ನು ಎಷ್ಟೋ ಬಾರಿ ಪ್ಲೇನ್ ಮಾಡಿಸಿರುತ್ತಾರೆ. ಹೆಡ್ಡಿನ ಮೈ ಒಂದು ಮಿಲಿಮೀಟರು ಸವೆದರೆ ಅಂತರವೂ ಒಂದು ಮಿಲಿಮೀಟರು ಕುಗ್ಗುತ್ತದೆ. ಬ್ಲಾಕಿನ ಮೇಲ್ಮೈಯನ್ನು ಸಾಪು ಮಾಡಿದರೂ, ತೆಳುವಾದ ಗ್ಯಾಸ್ಕೆಟ್ ಹಾಕಿದರೂ, ಬೇರೆ ಅಳತೆಯ ಪಿಸ್ಟನ್ ತಂದು ಕೂರಿಸಿದರೂ ಪರಿಣಾಮ ಒಂದೇ.

ಹಾಗೆಂದು ಅಂತರವು ಅತಿಯಾಗಿಯೂ ಇರಬಾರದು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ (1885-1974) ಎಂಬ ಎಂಜಿನಿಯರು ಮೊದಲನೆಯ ಮಹಾಯುದ್ಧದ ಅನಂತರ ಇದರ ಮರ್ಮವನ್ನು ಕಂಡುಕೊಂಡರು. ಪಿಸ್ಟನ್ನಿನ ನೆತ್ತಿಗೂ ಹೆಡ್ಡಿಗೂ ನಡುವೆ ಇಕ್ಕಟ್ಟಾದ ಎಡೆಯಿದ್ದರೆ, ಪಿಸ್ಟನ್ ಮೇಲೇರುವಾಗ ಅಲ್ಲಿಯ ಅನಿಲವು ಪ್ಲಗ್ಗಿನ ಕಡೆಗೆ ರಭಸದಿಂದ ನುಗ್ಗಿ, ಸುಳಿಸುಳಿಯಾಗಿ ಚೆನ್ನಾಗಿ ಉರಿಯುತ್ತದೆ. ಎಡೆ ಹೆಚ್ಚಾದರೆ ಶಕ್ತಿ ತಗ್ಗಿ ಎಂಜಿನ್ನು ಬಡಿದುಕೊಳ್ಳುತ್ತದೆ. ಎಡೆಯೇ ಇಲ್ಲವಾದರೆ ಲೋಹಕ್ಕೆ ಲೋಹ ತಾಗಿ ಒಡೆಯುತ್ತದೆ. ಇವೆರಡರ ನಡುವಣ ಮಿತವನ್ನು ಹುಡುಕುವುದೇ ಮೇಸ್ತ್ರಿಯ ಕೆಲಸ.

ಮಣ್ಣಿನ ಪರೀಕ್ಷೆ

ಕುಣಿಗಲ್ಲಿನಿಂದ ಬಂದಿದ್ದ ವೃದ್ಧ ಮೇಸ್ತ್ರಿಗಳು ಈ ಕೆಲಸವನ್ನು ಮಾಡಿದ ಕ್ರಮವನ್ನು ನಾವು ಒಂದು ಹಗಲು ಕುಳಿತು ನೋಡಿದೆವು. ಹಳೆಯ ವಾಹನವುಳ್ಳ ಮನೆಯವರಿಗೆ ಉಪಯೋಗವಾಗಲೆಂದು ಅದನ್ನಿಲ್ಲಿ ವಿವರಿಸುತ್ತೇವೆ.

ಮೊದಲು ಟ್ಯಾಪೆಟ್ಟುಗಳ ಸಂದನ್ನು ಫೀಲರ್ ಗೇಜಿನಿಂದ ಸರಿಪಡಿಸಬೇಕು. ವಾಲ್ವಿನ ಸೀಟನ್ನು ಉಜ್ಜಿದಾಗಲೆಲ್ಲ ವಾಲ್ವು ಕೆಳಗಿಳಿದು ಈ ಸಂದು ಕಿರಿದಾಗುತ್ತದೆ. ಸಂದಿಲ್ಲದ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ; ಸಂದು ಹೆಚ್ಚಾದ ವಾಲ್ವು ಪೂರ್ತಿ ಏಳುವುದಿಲ್ಲವಾದುದರಿಂದ ಮುಂದಿನ ಪರೀಕ್ಷೆಯೇ ಸುಳ್ಳಾಗುತ್ತದೆ.

ಅನಂತರ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಪಿಸ್ಟನ್ನಿನ ನೆತ್ತಿಯ ಮೇಲೂ ಎರಡು ವಾಲ್ವುಗಳ ತಲೆಯ ಮೇಲೂ ಸಣ್ಣ ಪಟ್ಟಿಗಳಾಗಿ ಇಡಬೇಕು. ಹೆಡ್ಡಿನ ಒಳಮೈಗೆ ಅಂಟದಿರಲೆಂದು ಎಣ್ಣೆ ಸವರಬೇಕು. ಮುಂದೆ ಹಾಕಲಿರುವ ಗ್ಯಾಸ್ಕೆಟ್ಟಿನ ಜಾತಿಯದೇ ಆದ, ಒಮ್ಮೆ ಅದುಮಿ ತೆಗೆದ ಹಳೆಯ ಗ್ಯಾಸ್ಕೆಟ್ಟನ್ನು ಇಟ್ಟು, ನಡುವಿನಿಂದ ಹೊರಕ್ಕೆ ಸಾಗುತ್ತ ಬೋಲ್ಟುಗಳನ್ನು ಬಿಗಿಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟು, ಹ್ಯಾಂಡಲ್ಲಿನಿಂದ ಎಂಜಿನ್ನನ್ನು ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಮಾತ್ರ ಕ್ಯಾಮ್ ಒಂದು ಸುತ್ತು ಮುಗಿಸಿ ಎಲ್ಲ ವಾಲ್ವುಗಳನ್ನೂ ಏಳಿಸಿ ಇಳಿಸಿರುತ್ತದೆ. ನಡುವೆ ಎಲ್ಲಿಯಾದರೂ ತಡೆದಂತಾದರೆ ಬಲವಂತ ಮಾಡಕೂಡದು. ಅಲ್ಲಿಯೇ ಏನೋ ತಾಗುತ್ತಿದೆ ಎಂದರ್ಥ.

ಹೆಡ್ಡನ್ನು ಮತ್ತೆ ತೆಗೆದು, ಅದುಮಿದ ಮಣ್ಣನ್ನು ಬ್ಲೇಡಿನಿಂದ ಕುಯ್ದು, ಅದರ ಅತಿ ತೆಳುವಾದ ಭಾಗವನ್ನು ಅಳೆಯಬೇಕು. ಪಿಸ್ಟನ್ನಿಗೂ ಹೆಡ್ಡಿಗೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ವಾಲ್ವಿಗೂ ಹೆಡ್ಡಿಗೂ ಸುಮಾರು ಒಂದೂವರೆ ಮಿಲಿಮೀಟರು ಇರಬೇಕೆಂಬುದು ಮೇಸ್ತ್ರಿಗಳ ಲೆಕ್ಕ. ತಯಾರಕರ ಪುಸ್ತಕವಿದ್ದರೆ ಅದೇ ಪ್ರಮಾಣ. ಎಂಜಿನ್ನು ಓಡುವಾಗ ಬಿಸಿಗೆ ಲೋಹ ಹಿಗ್ಗುತ್ತದೆ, ವೇಗಕ್ಕೆ ಕನೆಕ್ಟಿಂಗ್ ರಾಡು ಸ್ವಲ್ಪ ಜಗ್ಗುತ್ತದೆ. ನಿಂತಾಗ ಕಾಣುವ ಅಂತರ ಓಡುವಾಗ ಉಳಿಯುವುದಿಲ್ಲವಾದುದರಿಂದಲೇ ಇಷ್ಟು ಬಿಡುವು ಬೇಕು.

ಅಳೆಯುವ ಕೆಲಸವನ್ನು ತರುಣನ ತಂದೆಯವರೇ ವಹಿಸಿಕೊಂಡರು. ಅವರು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. 1978ರಲ್ಲಿ ಆರಂಭವಾದ ಆ ಕಾರ್ಖಾನೆ ಈಗಿಲ್ಲ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. ಆದರೆ ಅಲ್ಲಿ ಕಲಿತ ಅಳತೆಯ ಶಿಸ್ತು ಅವರ ಕೈಯಲ್ಲಿ ಹಾಗೆಯೇ ಇದೆ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ವರ್ನಿಯರ್ ಕ್ಯಾಲಿಪರನ್ನು ಅವರು ಹೊರತೆಗೆದರು.

ಒಂದನೆಯ ಸಿಲಿಂಡರಿನ ವಾಲ್ವಿನ ಮೇಲೆ 1.4 ಮಿಲಿಮೀಟರು, ನಾಲ್ಕನೆಯದರ ಮೇಲೆ 0.8 ಮಾತ್ರ! ಹಿಂದೆಂದೋ ಯಾರೋ ಹೆಡ್ಡನ್ನು ವಾರೆಯಾಗಿ ಪ್ಲೇನ್ ಮಾಡಿದ್ದರೆಂಬುದು ಆಗ ಬೆಳಕಿಗೆ ಬಂದಿತು. ಹೊರಗಿನಿಂದ ನೋಡಿದರೆ ಹೆಡ್ಡು ಕನ್ನಡಿಯಂತೆ ಹೊಳೆಯುತ್ತಿತ್ತು.

"ಇಷ್ಟು ಸಾಲದೇ ಮೇಸ್ತ್ರಿಗಳೇ? ತಾಗುತ್ತಿಲ್ಲವಲ್ಲ! ಗೌರಿ ಹಬ್ಬಕ್ಕೆ ಗಾಡಿ ಹೊರಡಿಸಬೇಕೆಂದಿದ್ದೆ," ಎಂದನು ತರುಣ.

ಮೇಸ್ತ್ರಿಗಳು ಕೈ ಒರೆಸಿಕೊಂಡು ನಮ್ಮ ಕಡೆ ತಿರುಗಿ ಹೇಳಿದರು: "ಬುದ್ಧಿ, ನಾನೂ ಈ ಹುಡುಗನ ವಯಸ್ಸಿನಲ್ಲಿ ಹೀಗೇ ಅಂದಿದ್ದೆ. ಕುಣಿಗಲ್ಲಿನಲ್ಲಿ ಒಂದು ಲ್ಯಾಂಡ್‌ಮಾಸ್ಟರ್ ಕಾರು ಬಂದಿತ್ತು. ಮಾರನೆಯ ದಿನ ಅವರ ಮನೆಯಲ್ಲಿ ಮದುವೆ. ಹೆಡ್ ಪ್ಲೇನ್ ಆಗಿತ್ತು, ನಾನು ಮಣ್ಣಿಟ್ಟು ನೋಡಲಿಲ್ಲ. ರಾತ್ರಿಯೇ ಮುಚ್ಚಿ ಕೊಟ್ಟೆ. ಗಂಡಿನ ಕಡೆಯವರನ್ನು ಕರೆತರುವಾಗ ದಾರಿಯಲ್ಲಿ ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿತ್ತು. ಬ್ಲಾಕೇ ಸೀಳಿತು. ಮದುಮಗ ಬಸ್ಸಿನಲ್ಲಿ ನಿಂತುಕೊಂಡು ಬಂದ. ಆ ಯಜಮಾನರು ನನ್ನನ್ನು ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ."

ತರುಣನು ಮರುಮಾತಾಡಲಿಲ್ಲ.

ಪರಿಹಾರ

ದಪ್ಪ ಗ್ಯಾಸ್ಕೆಟ್ ಹಾಕಿದರೆ ವಾಲ್ವಿನ ಮೇಲಿನ ಅಂತರ ಹೆಚ್ಚುವುದೇನೋ ನಿಜ. ಆದರೆ ಪಿಸ್ಟನ್ನಿನ ಮೇಲಿನ ಎಡೆಯೂ ಹೆಚ್ಚಿ, ರಿಕಾರ್ಡೊ ಹೇಳಿದ ಗುಣ ಕೆಡುತ್ತದೆ. ಅದಕ್ಕಾಗಿ ಮೇಸ್ತ್ರಿಗಳು ಹೆಡ್ಡಿನಲ್ಲಿ ವಾಲ್ವುಗಳಿಗೆ ಎದುರಾದ ಗುಳಿಗಳನ್ನು ಮಾತ್ರ ಸಣ್ಣ ಸಾಣೆಕಲ್ಲಿನಿಂದ ಸ್ವಲ್ಪ ಸ್ವಲ್ಪವಾಗಿ ಆಳ ಮಾಡಿದರು. ಗುಳಿಯ ಹಿಂದೆ ತಣ್ಣೀರು ಹರಿಯುವ ಪೊಳ್ಳಿರುವುದರಿಂದ ಅತಿಯಾಗಿ ಕೊರೆಯಲಾಗದು. ಆಮೇಲೆ ಗಾಜಿನ ಹಲಗೆಯನ್ನು ಮುಚ್ಚಿ, ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ, ನಾಲ್ಕು ಗುಳಿಗಳೂ ಸಮನಾಗಿ ಹಿಡಿಯುವಂತೆ ಹೊಂದಿಸಿದರು. ಇದಕ್ಕೆ ಎರಡು ದಿನ ಹಿಡಿಯಿತು. ಮತ್ತೆ ಮಣ್ಣಿಟ್ಟು ನೋಡಿದಾಗ ಎಲ್ಲ ವಾಲ್ವುಗಳ ಮೇಲೂ 1.6 ಮಿಲಿಮೀಟರು ಬಂದಿತು. ಪಿಸ್ಟನ್ನಿನ ಮೇಲಿನ ಮಣ್ಣು ಎಲ್ಲೆಡೆಯೂ ಒಂದು ಮಿಲಿಮೀಟರಿಗಿಂತ ದಪ್ಪವಾಗಿಯೇ ಇತ್ತು. ಆಗ ಮಾತ್ರ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರು.

ಗೌರಿ ಹಬ್ಬ ಕಳೆದುಹೋಗಿತ್ತು. ದೀಪಾವಳಿಯ ಹೊತ್ತಿಗೆ ಎಂಜಿನ್ನು ಹೊತ್ತಿಕೊಂಡಿತು. ಮನೆಯ ಹಿರಿಯ ತಾಯಿಯವರು ಆ ಸದ್ದನ್ನು ಕೇಳಿ ಪಡಸಾಲೆಯಿಂದೆದ್ದು ಬಂದು, "ಇದು ಅವರದೇ ಗಾಡಿ ಸದ್ದು ಕಣಪ್ಪಾ" ಎಂದು ಕಣ್ಣೊರೆಸಿಕೊಂಡರಂತೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ನಮ್ಮ ಮಕ್ಕಳು ಅಲ್ಲಿಗೂ ಇತರ ಕಾರ್ಖಾನೆಗಳಿಗೂ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯ ಉಪಕರಣಗಳು ಬೇರೆ, ಸೂಕ್ಷ್ಮತೆ ಬೇರೆ. ಕಾಣದಿರುವ ಎಡೆಯನ್ನು ಊಹಿಸದೆ ಅಳೆದು ನೋಡಬೇಕೆಂಬ ನಿಯಮ ಮಾತ್ರ ಒಂದೇ. ಕಾಯಕವನ್ನು ಪೂಜೆಯೆಂದು ಬಗೆದ ಶರಣರ ಪರಂಪರೆ ನಮ್ಮದು. ಪೂಜೆಯಲ್ಲಿ ಅವಸರ ಸಲ್ಲದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿಯೂ ಅವಸರ ಸಲ್ಲದೆಂದು ಆ ಮೇಸ್ತ್ರಿಗಳು ಬಾಯಲ್ಲಿ ಹೇಳದೆ ಮಾಡಿ ತೋರಿಸಿದರು. ಊರಿನಲ್ಲಿ ಅಂಥ ಹಿರಿಯ ಕೈಗಳು ಇನ್ನೂ ಕೆಲವಿವೆ. ರಜೆಯ ದಿನಗಳಲ್ಲಿ ಮಕ್ಕಳನ್ನು ಅವರ ಬಳಿ ಒಂದು ಹಗಲು ಕೂರಿಸುವುದು ಒಳಿತೆಂದು ನಮ್ಮ ಅಭಿಪ್ರಾಯ.